ನೆರಿಗೆ ಹಿಡಿಯುವ ಕೈ

ಸೆಪ್ಟೆಂಬರ್ 30, 2024, ಸೋಮವಾರ

ಗೊಬ್ಬರದಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇಷ್ಟು ದಿನ ಬೀರುವಿನಲ್ಲಿ ಖಾಲಿ ಬಿದ್ದಿತ್ತು. ಬೈಯುವುದಕ್ಕೆ ಎದುರಿಗೆ ಯಾರೂ ಸಿಗುತ್ತಿಲ್ಲವಾದ್ದರಿಂದ ಇವತ್ತಿನಿಂದ ಇದರಲ್ಲಿ ಬರೆಯುತ್ತೇನೆ. ಕೊಳ್ಳೇಗಾಲದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನನ್ನ ಅಕ್ಷರಕ್ಕೆ ಬಹುಮಾನ ಬಂದಿತ್ತು. ಅದೀಗ ಕೆಲಸಕ್ಕೆ ಬಂತು.

ಆಸ್ಪತ್ರೆಯಿಂದ ಮನೆಗೆ ಬಂದೆ. ಎಡ ಹೆಗಲ ಮೂಳೆ ಬಿರುಕು ಬಿಟ್ಟಿದೆ. ಆಪರೇಷನ್ ಬೇಕಾಗಿಲ್ಲ, ಕೈಯನ್ನು ಪಟ್ಟಿಯಲ್ಲಿ ಕೊರಳಿಗೆ ನೇತುಹಾಕಿಕೊಂಡು ಆರು ವಾರ ಅಲುಗಾಡಿಸದಿದ್ದರೆ ತಾನೇ ಕೂಡಿಕೊಳ್ಳುತ್ತದೆ ಎಂದರು ಡಾಕ್ಟರು. ನವರಾತ್ರಿಗೆ ಮೊದಲು ರೇಷ್ಮೆ ಸೀರೆಗಳನ್ನು ಗಾಳಿಗೆ ಹರವುವುದು ಈ ಮನೆಯ ಪದ್ಧತಿ. ಅಟ್ಟದ ಮೇಲಿನ ಆ ಪೆಟ್ಟಿಗೆಯನ್ನು ಬೇರೆಯವರ ಕೈಯಲ್ಲಿ ನಾನು ಇಳಿಸುವುದಿಲ್ಲ. ಸ್ಟೂಲು ಹತ್ತಿದೆ, ಸ್ಟೂಲು ವಾಲಿತು. ಪೆಟ್ಟಿಗೆ ಬಾಯಿ ಬಿಟ್ಟುಕೊಂಡು ಸೀರೆಗಳು ನನಗಿಂತ ಮೊದಲು ನೆಲ ಸೇರಿದವು, ನನ್ನ ತಲೆ ಅವುಗಳ ಮೇಲೆ ಬಿತ್ತು. ತಲೆ ಉಳಿಸಿದ್ದು ಕೊಳ್ಳೇಗಾಲದ ರೇಷ್ಮೆ. ಬಲಗೈ ಉಳಿಸಿದವನು ನಮ್ಮ ಬೆಟ್ಟದ ದೇವರು ಮಾದಪ್ಪ. ಇಬ್ಬರಿಗೂ ಕೈಮುಗಿಯೋಣವೆಂದರೆ ಇರುವುದು ಒಂದೇ ಕೈ.

ಇನ್ನು ಬರೆಯಲು ನಾಚಿಕೆಯಾಗುವ ವಿಷಯ. ಈ ಕೈಗೆ ರವಿಕೆ ತೋಳು ಏರುವುದಿಲ್ಲ. ಹಾಗಾಗಿ ನನಗೆ ನೈಟಿ ಹಾಕಿದ್ದಾರೆ. ನೀಲಿ ಹೂವಿನದು, ಮುಂದೆ ಜಿಪ್ಪು. ಮಗ ಪ್ರಸಾದನ ಹೆಂಡತಿ ನಾಗಶ್ರೀಯದು.

ನೈಟಿ ಹಾಕಿಕೊಂಡವರು ಮಲಗುವ ಕೋಣೆಯ ಹೊಸ್ತಿಲು ದಾಟಬಾರದು ಎಂದು ಈ ಮನೆಯಲ್ಲಿ ಕಾನೂನು ಮಾಡಿದವಳು ನಾನೇ. ಮೂರು ವರ್ಷದ ಕೆಳಗೆ, ಮದುವೆಯಾದ ಹೊಸದರಲ್ಲಿ, ಪ್ರಸಾದನ ಹೆಂಡತಿ ಹಾಲು ತೆಗೆದುಕೊಳ್ಳಲು ನೈಟಿಯಲ್ಲೇ ನಡುಮನೆಗೆ ಬಂದಳು. ಊರಿನ ನಾಲ್ಕು ಜನ ಹಿರಿಯರು ಕುಳಿತಿದ್ದರು. ಅವತ್ತು ಹೇಳಿದ ಒಂದು ಮಾತನ್ನು ಅವಳು ಇವತ್ತಿಗೂ ಮೀರಿಲ್ಲ. ಮಾತೆಂದರೆ ಹಾಗಿರಬೇಕು.

ಆದ್ದರಿಂದ ನಾನು ಈಗ ಕೋಣೆಯಲ್ಲಿದ್ದೇನೆ. ಯಜಮಾನರು ಬಾಗಿಲಲ್ಲಿ ನಿಂತು, ಹೊರಗೆ ಬಂದು ಕುಳಿತುಕೋ ಎಂದರು. ಆಗುವುದಿಲ್ಲ ಎಂದೆ. ಕಾನೂನು ಎಲ್ಲರಿಗೂ ಒಂದೇ.

ಅಕ್ಟೋಬರ್ 3, ಗುರುವಾರ

ನವರಾತ್ರಿ ಶುರುವಾಯಿತು. ಪ್ರಸಾದನ ಹೆಂಡತಿ ಹಳದಿ ಸೀರೆ ಉಟ್ಟು ಶಾಲೆಗೆ ಹೋದಳು. ಅವಳು ಕೊಳ್ಳೇಗಾಲದಲ್ಲಿ ಮೇಷ್ಟರ ಕೆಲಸ ಮಾಡುತ್ತಾಳೆ. ಈಗ ನವರಾತ್ರಿಯಲ್ಲಿ ದಿನಕ್ಕೊಂದು ಬಣ್ಣವಂತೆ, ಟೀಚರುಗಳೆಲ್ಲ ಒಂದೇ ಬಣ್ಣ ಉಟ್ಟು ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರಂತೆ. ನಮ್ಮ ಕಾಲದಲ್ಲಿ ದೇವಿಗೆ ಇಂಥ ದಿನ ಇಂಥ ಹೂವು ಎಂಬ ಲೆಕ್ಕವಿತ್ತು, ಭಕ್ತರ ಸೀರೆಯ ಲೆಕ್ಕ ಇರಲಿಲ್ಲ.

ಬೆಳಿಗ್ಗೆ ಲಿಂಗಪೂಜೆಗೆ ಕಷ್ಟವಾಯಿತು. ಕೊರಳ ಇಷ್ಟಲಿಂಗ, ನಮ್ಮ ಲಿಂಗಯ್ಯನನ್ನು ಇಟ್ಟುಕೊಳ್ಳಬೇಕಾದ್ದು ಎಡ ಅಂಗೈಯಲ್ಲಿ. ಪಟ್ಟಿಯೊಳಗಿನ ಅಂಗೈ ಮೇಲ್ಮುಖ ಮಾಡಿದರೆ ನಡುಗುತ್ತದೆ. ಹುಟ್ಟಿದಂದಿನಿಂದ ತಪ್ಪದ ಪೂಜೆ ತಪ್ಪೀತೆಂದು ಕಣ್ಣಲ್ಲಿ ನೀರು ಬಂತು. ಯಾರೂ ನೋಡಲಿಲ್ಲ ಎಂದುಕೊಂಡಿದ್ದೆ. ಪ್ರಸಾದನ ಹೆಂಡತಿ ಬಂದು ನನ್ನ ಕೈ ಕೆಳಗೆ ತನ್ನ ಕೈ ಕೊಟ್ಟು ಕುಳಿತಳು. ಬಿಲ್ವಪತ್ರೆ ಏರಿಸಿ ಮುಗಿಸುವವರೆಗೂ ಕುಳಿತಿದ್ದಳು. ಬಸ್ಸು ತಪ್ಪಿತೋ ಏನೋ, ಹೇಳಲಿಲ್ಲ.

ಪೂಜೆ ತಪ್ಪಲಿಲ್ಲ. ಶಿವನ ದಯೆ.

ಅಕ್ಟೋಬರ್ 5, ಶನಿವಾರ

ಇವತ್ತಿನ ಬಣ್ಣ ಬೂದು. ಹಬ್ಬದ ದಿನ ಬೂದಿ ಬಣ್ಣವೇನೇ ಎಂದು ಕೇಳಿದೆ.

"ವಿಭೂತಿ ಬಣ್ಣ ಅನ್ಕಳಿ ಅತ್ತೆ," ಎಂದು ಹೇಳಿ ಹೋದಳು.

ಎದುರುತ್ತರ. ಆದರೆ ಉತ್ತರದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಮಧ್ಯಾಹ್ನ ಯಳಂದೂರಿನಿಂದ ಮಂಗಳಮ್ಮಣ್ಣಿಯ ಫೋನು. ಅವಳು ಯಜಮಾನರ ತಂಗಿ, ನನ್ನ ನಾದಿನಿ. ದೀಪಾವಳಿಗೆ ನಮ್ಮ ವಂಶದವರೆಲ್ಲ ಯಾರಾದರೂ ಒಬ್ಬರ ಮನೆಯಲ್ಲಿ ಸೇರುವುದು ರೂಢಿ. ಈ ವರ್ಷ ಅವಳು ಹೊಸದಾಗಿ ಕಟ್ಟಿಸಿದ ಮನೆಯಲ್ಲಿ. ಅವಳ ಮಗಳು ಮಧುಶ್ರೀಯನ್ನು ಹನೂರಿಗೆ ಕೊಟ್ಟಿದೆ, ಆ ಹುಡುಗಿ ಇದಕ್ಕೆ ಪಾರ್ಟಿ ಎಂದು ಹೆಸರಿಟ್ಟು, ಹಿರಿಯರೆಲ್ಲ ಮೆರೂನು, ಕಿರಿಯರೆಲ್ಲ ಹಸಿರು ಉಡಬೇಕೆಂದು ಎಲ್ಲರ ಮೊಬೈಲಿಗೂ ಕಳಿಸಿದ್ದಾಳೆ. ನಾನು ಯಾವ ಬಣ್ಣ ಉಡಬೇಕೆಂದು ಮಧುಶ್ರೀ ಹೇಳುವ ಕಾಲ ಬಂತು.

ಮಂಗಳಮ್ಮಣ್ಣಿ ಹೆಗಲ ನೋವು ವಿಚಾರಿಸಿದಳು. ಆಮೇಲೆ ಮೆತ್ತಗೆ ಬಿಟ್ಟಳು:

"ಕೈ ನೋಯಿಸ್ಕಂಡು ಯಾಕತ್ಗೆ ಅಲೀತೀರಿ. ಎಲೆ ಅಡಿಕೆ ಈ ಸಾರಿ ನಾನೇ ಕೊಟ್ಬುಡ್ತೀನಿ, ಬುಡಿ."

ದೀಪಾವಳಿಯ ಆ ಊಟವಾದ ಮೇಲೆ ಮನೆಯ ಹಿರಿ ಸೊಸೆ ಕುಳಿತು ಎಲ್ಲರಿಗೂ ಎಲೆ ಅಡಿಕೆ ಕೊಡಬೇಕು. ಚಿಕ್ಕವರು ತೆಗೆದುಕೊಂಡು ಕಾಲಿಗೆ ಬೀಳುತ್ತಾರೆ. ನನ್ನ ಅತ್ತೆ ಕಣ್ಣು ಮುಚ್ಚುವ ಮೊದಲು ಆ ಹಿತ್ತಾಳೆ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಅವತ್ತಿನಿಂದ ಅದು ಒಂದು ವರ್ಷವೂ ಇನ್ನೊಬ್ಬರ ಮಡಿಲಿಗೆ ಹೋಗಿಲ್ಲ. ಒಮ್ಮೆ ಹೋದರೆ ವಾಪಸು ಬರುವುದೂ ಇಲ್ಲ, ಮಂಗಳಮ್ಮಣ್ಣಿಯನ್ನು ನಾನು ಬಲ್ಲೆ.

ಬರುತ್ತೇನೆ ಎಂದೆ. ಫೋನು ಇಟ್ಟ ಮೇಲೆ ಮೈಮೇಲಿನ ನೀಲಿ ಹೂವುಗಳನ್ನು ನೋಡಿಕೊಂಡೆ.

ಅಕ್ಟೋಬರ್ 7, ಸೋಮವಾರ

ಕೋಣೆಯ ಗೋಡೆಯಲ್ಲಿ ಒಂದು ಹಲ್ಲಿ ಇದೆ. ಈ ವಾರವೆಲ್ಲ ನಾನು ಆಳಿದ್ದು ಅದನ್ನು.

ಸಂಜೆ ಸೊಸೆ ಬಂದು ಬಾಗಿಲ ಹೊಸ್ತಿಲ ಆಚೆ ಒಂದು ಕುರ್ಚಿ ಹಾಕಿದಳು. ಕೈಯಲ್ಲೊಂದು ಟವೆಲ್ಲು.

"ಇದ್ನ ಹೆಗಲ ಮೇಲೆ ಹಾಕಳಿ ಅತ್ತೆ. ಟವೆಲ್ ಹಾಕಂಡ್ರೆ ನೈಟಿ ಲೆಕ್ಕಕ್ಕಿಲ್ಲ. ಕೊಳ್ಳೇಗಾಲದಲ್ಲಿ ತರಕಾರಿ ಗಾಡಿ ಬಂದ್ರೆ ಬೀದಿಗೆ ಬೀದಿನೇ ಹಿಂಗೆ ನಿಂತಿರ್ತದೆ."

ಕೊಳ್ಳೇಗಾಲದ ಬೀದಿಯ ಕಾನೂನು ಮುಳ್ಳೂರಿನ ಈ ಮನೆಗೆ ಹತ್ತುವುದಿಲ್ಲ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಅಡಿಗೆಮನೆಯಿಂದ ಒಗ್ಗರಣೆ ಸೀದ ವಾಸನೆ ಬಂತು. ಯಜಮಾನರು ಒಲೆ ಮುಂದೆ ನಿಂತಿದ್ದರೆಂದು ಕಾಣುತ್ತದೆ. ಹೊಸ್ತಿಲು ದಾಟಲೇಬೇಕಾಯಿತು. ಒಲೆ ಆರಿಸಿ, ಯಜಮಾನರನ್ನು ಆಚೆ ಕಳಿಸಿ, ಬಂದ ಮೇಲೆ ಕುರ್ಚಿ ಖಾಲಿ ಇತ್ತಲ್ಲ ಎಂದು ಕುಳಿತೆ.

ಯಜಮಾನರು ಅಡಿಗೆಮನೆ ಕಡೆ ಹೋಗುವವರೇ ಅಲ್ಲ. ಒಗ್ಗರಣೆ ಇಟ್ಟುಕೊಟ್ಟವರು ಯಾರೆಂದು ನಾನು ಕೇಳಲಿಲ್ಲ.

ಹಿತ್ತಲ ಬಾಗಿಲಿನಿಂದ ಬೇವಿನ ಗಾಳಿ ಬಂತು, ಎಷ್ಟು ದಿನವಾಗಿತ್ತು. ಹಸು ನನ್ನ ದನಿಗೆ ಕಿವಿ ತಿರುಗಿಸಿತು. ಮಾದಪ್ಪ ದೊಡ್ಡವನು.

ಅಕ್ಟೋಬರ್ 10, ಗುರುವಾರ

ನಾಳೆ ಆಯುಧಪೂಜೆ. ಶಾಲೆಯಲ್ಲಿ ಪೂಜೆಯಾದ ಮೇಲೆ ಟೀಚರುಗಳ ಪಾರ್ಟಿ. ಬಣ್ಣ ನೇರಳೆ. ಸೊಸೆ ತನ್ನ ಬೀರು ತೆರೆದು ನಿಂತವಳು ಬಹಳ ಹೊತ್ತಾದರೂ ಕದಲಲಿಲ್ಲ. ಟವೆಲ್ಲು ಹಾಕಿಕೊಂಡು ಹೋಗಿ ಇಣುಕಿದೆ. ಹತ್ತಾರು ಸೀರೆ, ಎಲ್ಲವೂ ಮಂಜು ಮುಚ್ಚಿದ ಹಾಗೆ ತಿಳಿ ಬಣ್ಣ. ನೇರಳೆ ಎಂಬುದೇ ಇಲ್ಲ. ಮೂಲೆಯಲ್ಲಿ ಹತ್ತಿ ಬಟ್ಟೆ ಸುತ್ತಿಕೊಂಡು ಅವಳ ಧಾರೆ ಸೀರೆ ಕುಳಿತಿತ್ತು.

ಆ ಸೀರೆಯ ಕಥೆ ಇಲ್ಲಿ ಬರೆದಿಡಬೇಕು. ಮದುವೆಗೆ ಅವಳಿಗೆ ಬೇಕಾಗಿದ್ದುದು ಈರುಳ್ಳಿ ಸಿಪ್ಪೆಯ ಬಣ್ಣವಂತೆ. ಧಾರೆಗೆ ಯಾರಾದರೂ ಸಿಪ್ಪೆ ಉಡುತ್ತಾರೆಯೇ? ನಾನು ಮೆರೂನು ಮೈ, ಅರಿಸಿನ ಅಂಚಿನದು ತೆಗೆದೆ. ಕೊಳ್ಳೇಗಾಲದ ಮಗ್ಗದ್ದು, ಕೈಯಲ್ಲಿ ಹಿಡಿದರೆ ತೂಕಕ್ಕೆ ಮಣಿಕಟ್ಟು ಬಾಗುತ್ತದೆ. ಊರೆಲ್ಲ ಹೊಗಳಿತು. ಧಾರೆಯ ದಿನ ಬಿಟ್ಟರೆ ಇವಳು ಅದನ್ನು ಮೈಗೆ ಮುಟ್ಟಿಸಿಲ್ಲ. ನನ್ನ ಪೆಟ್ಟಿಗೆಯಲ್ಲಿ ಎಲ್ಲ ಬಣ್ಣವೂ ಇದೆ, ಮೆರೂನು ಮಾತ್ರ ಇಲ್ಲ. ನನ್ನ ಅತ್ತೆಗೆ ಆ ಬಣ್ಣ ಕಂಡರಾಗುತ್ತಿರಲಿಲ್ಲ. ಆಮೇಲೆ ನನಗೇ ತೆಗೆದುಕೊಳ್ಳಬಹುದಿತ್ತು. ವಯಸ್ಸಾಗಿತ್ತು.

ನನ್ನ ಪೆಟ್ಟಿಗೆಯಿಂದ ಬದನೆಕಾಯಿ ಬಣ್ಣದ್ದು ತೆಗೆಸಿ ಕೊಟ್ಟೆ. ಬಿಳಿ ರವಿಕೆ ಹಾಕುತ್ತೇನೆ ಎಂದಳು. ಬೇಡ, ಅಂಚಿನ ಹಸಿರನ್ನು ಹಿಡಿ ಎಂದೆ. ಹಸಿರು ರವಿಕೆ ಹಾಕಿ ಕನ್ನಡಿ ನೋಡಿದಳು, ನನ್ನನ್ನೂ ನೋಡಿದಳು. ಬಿಳಿಯದನ್ನು ಮಡಿಸಿ ಒಳಗಿಟ್ಟಳು.

ಅಕ್ಟೋಬರ್ 11, ಶುಕ್ರವಾರ

ಪಾರ್ಟಿಯಲ್ಲಿ ಎಲ್ಲರೂ ಸೀರೆ ಯಾರದೆಂದು ಕೇಳಿದರಂತೆ. ಅತ್ತೆಯದು ಎಂದಳಂತೆ. ನನಗೆಂದು ಒಂದು ಮೈಸೂರುಪಾಕು ಕರ್ಚೀಫಿನಲ್ಲಿ ಸುತ್ತಿ ತಂದಿದ್ದಳು. ಪುಡಿಯಾಗಿತ್ತು. ಒಂದು ಚೂರೂ ಬಿಡದೆ ತಿಂದೆ.

ಅಕ್ಟೋಬರ್ 12, ಶನಿವಾರ, ವಿಜಯದಶಮಿ

ಎಲ್ಲರೂ ಬನ್ನಿ ಮುಡಿಯಲು ಹೋದ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಸೀರೆ ಉಡಲು ನೋಡಿದೆ. ಲಂಗದ ಲಾಡಿಯನ್ನು ಹಲ್ಲಲ್ಲಿ ಕಚ್ಚಿ ಗಂಟು ಹಾಕಿದೆ. ನೆರಿಗೆ ಒಂದು ಕೈಯಲ್ಲಿ ನಿಲ್ಲುವುದಿಲ್ಲ.

ಯಳಂದೂರಿಗೆ ಹೋಗುವುದಿಲ್ಲ ಎಂದು ಯಜಮಾನರಿಗೆ ಹೇಳಿದೆ. ಪ್ರಸಾದನ ಹೆಂಡತಿ ನಾನು ಉಡಿಸುತ್ತೇನೆ ಎಂದಳು. ಇನ್ನೊಬ್ಬರು ಸೀರೆ ಉಡಿಸುವುದು ಮದುಮಗಳಿಗೆ, ಇಲ್ಲವೇ ಹೆಣಕ್ಕೆ, ನಾನು ಎರಡೂ ಅಲ್ಲ ಎಂದೆ.

ಅಕ್ಟೋಬರ್ 17, ಗುರುವಾರ

ಈ ಮನೆಯಲ್ಲಿ ಏನೋ ನಡೆಯುತ್ತಿದೆ. ಹೊಲಿಗೆಯ ಪುಷ್ಪ ಬಂದು ಅಳತೆ ಟೇಪು ತೆಗೆದಳು. ರವಿಕೆ ಮಾತ್ರ ಎಂದರು. ಎಡ ತೋಳನ್ನು ಮೇಲಿನಿಂದ ಕೆಳಗೆ ಸೀಳಿ, ಅಲ್ಲಲ್ಲಿ ಲಾಡಿ ಇಟ್ಟು ಕಟ್ಟುವ ಹಾಗೆ ಮಾಡುತ್ತಾಳಂತೆ, ಕೈ ಅಲುಗಿಸುವುದೇ ಬೇಡವಂತೆ. ರವಿಕೆಗೆ ಸೊಂಟದ ಅಳತೆ ಯಾಕೆ ಎಂದು ಕೇಳಿದೆ.

"ಸುಮ್ನೆ ನೋಡ್ದೆ ಕಣ್ರವ್ವ. ಇಷ್ಟು ವರ್ಸಾದ್ರೂವೆ ಸೊಂಟ ಮದ್ವೆ ಎಣ್ಣಿನಂಗೇ ಮಡಿಕಂಡಿದ್ದೀರಿ," ಎಂದಳು ಪುಷ್ಪ.

ಅವಳು ಸುಳ್ಳು ಹೇಳುವುದರಲ್ಲಿ ಊರಿಗೇ ಮೊದಲು. ಆದರೂ ಕೇಳಲು ಕೆಟ್ಟದಾಗಿರಲಿಲ್ಲ.

ನನ್ನ ಸೀರೆಗೆ ಕತ್ತರಿ ತಾಗಿದರೆ ಕೈ ಮುರಿಯುತ್ತೇನೆ ಎಂದು ಇಬ್ಬರಿಗೂ ಹೇಳಿದೆ. ಮುರಿದ ಕೈಯವಳು ಹೇಳುವ ಮಾತಲ್ಲ ಅದು. ಇಬ್ಬರೂ ಅಡಿಗೆಮನೆಗೆ ಹೋಗಿ ನಕ್ಕರು. ರಾತ್ರಿ ಊಟವಾದ ಮೇಲೆ ಪೆಟ್ಟಿಗೆ ತೆಗೆಸಿ ನೋಡಿದೆ. ನನ್ನವು ಎಲ್ಲವೂ ಇದ್ದ ಹಾಗೇ ಇವೆ.

ಅಕ್ಟೋಬರ್ 23, ಬುಧವಾರ

ಮೂರು ದಿನದಿಂದ ಮಳೆ. ಪ್ರಸಾದ ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವ ಟ್ರಾಕ್ಟರು ಗದ್ದೆಯಲ್ಲಿ ಹೂತು, ಅವನು ಮನೆಗೆ ಬರುವುದು ಯಾವಾಗಲೋ. ತೇವಕ್ಕೆ ಹೆಗಲು ನಾಯಿ ಕಚ್ಚಿದ ಹಾಗೆ. ತಲೆಗೆ ನೀರು ಬಿದ್ದು ಬಹಳ ದಿನವಾಗಿತ್ತು, ಸಿಡುಕು ಹತ್ತಿತ್ತು. ನಾಗಶ್ರೀ ಬಚ್ಚಲಲ್ಲಿ ಕೂರಿಸಿ, ಪಟ್ಟಿ ನೆನೆಯದ ಹಾಗೆ ಪ್ಲಾಸ್ಟಿಕ್ಕು ಕಟ್ಟಿ, ಸೀಗೆಕಾಯಿ ಹಾಕಿ ತಿಕ್ಕಿದಳು. ಮಕ್ಕಳಿಗೆ ಪಾಠ ಹೇಳುವವಳು, ಕೈ ಮೆದುವಾಗಿರುತ್ತದೆಂದು ತಿಳಿದಿದ್ದೆ. ಇಲ್ಲ, ಒಳ್ಳೆ ಬಿಗಿ ಕೈ.

ತನ್ನ ಅವ್ವ ಹನೂರಿನಲ್ಲಿ ಹೀಗೇ ತಿಕ್ಕುತ್ತಿದ್ದಳು, ಈ ಮನೆಗೆ ಬಂದ ಮೇಲೆ ತನ್ನ ತಲೆಗೆ ಬೇರೆಯವರ ಕೈ ಬಿದ್ದಿಲ್ಲ ಎಂದಳು. ದೂರಿನ ದನಿ ಅಲ್ಲ. ಹಾಗೇ ಹೇಳಿದಳು.

ನಿದ್ದೆ ಚೆನ್ನಾಗಿ ಬಂತು.

ಅಕ್ಟೋಬರ್ 31, ಗುರುವಾರ, ನರಕ ಚತುರ್ದಶಿ

ಎಣ್ಣೆ ಇಡಲು ಒಂದು ಕೈ ಸಾಕು. ಯಜಮಾನರಿಗೆ, ಪ್ರಸಾದನಿಗೆ ಎಣ್ಣೆ ಇಟ್ಟೆ. ನಾಗಶ್ರೀಯನ್ನು ಕೂರಿಸಿ ಅವಳ ನೆತ್ತಿಗೂ ಇಟ್ಟು ಚೆನ್ನಾಗಿ ತಟ್ಟಿದೆ. ಪ್ರತಿ ವರ್ಷ ಶಾಸ್ತ್ರಕ್ಕೆ ಮೂರು ಬೊಟ್ಟು ಇಡುತ್ತಿದ್ದೆ. ಈ ವರ್ಷ ಬಟ್ಟಲಲ್ಲಿ ಎಣ್ಣೆ ಜಾಸ್ತಿ ಉಳಿದಿತ್ತು.

ಸ್ನಾನವಾದ ಮೇಲೆ ಅವಳು ಒಂದು ಪೊಟ್ಟಣ ತಂದು ನನ್ನ ಮಂಚದ ಮೇಲಿಟ್ಟಳು. ಬಟ್ಟೆ ಬಿಚ್ಚುವ ಮೊದಲೇ ಬೆರಳಿಗೆ ಗೊತ್ತಾಯಿತು. ಮೆರೂನು ಮೈ, ಅರಿಸಿನ ಅಂಚು. ಅವಳ ಧಾರೆ ಸೀರೆ. ನೆರಿಗೆಗಳನ್ನು ಹಿಡಿದು, ಜೋಡಿಸಿ, ಸೊಂಟದ ಪಟ್ಟಿಗೆ ಹೊಲಿದಿದ್ದಾರೆ. ಪಟ್ಟಿಗೆ ಕೊಕ್ಕೆ. ಸುತ್ತಿಕೊಂಡು ಕೊಕ್ಕೆ ಸಿಕ್ಕಿಸಿದರೆ ಮುಗಿಯಿತು. ಸೆರಗು ಬೇರೆಯೇ ಕತ್ತರಿಸಿ ಹೊಲಿದಿದೆ.

ಧಾರೆ ಸೀರೆಗೆ ಕತ್ತರಿ. ಗಂಡ ಗಟ್ಟಿಮುಟ್ಟಾಗಿ ಇರುವ ಹೆಣ್ಣು ಮಾಡುವ ಕೆಲಸವೇ ಅದು? ಬಾಯಿಗೆ ಬಂದದ್ದೆಲ್ಲ ಅಂದೆ, ಇಲ್ಲಿ ಬರೆಯುವುದಿಲ್ಲ. ಪ್ರಸಾದ ಬಾಗಿಲಿಗೆ ಬಂದು ಹಾಗೇ ಹಿಂದೆ ಹೋದ. ನಾಗಶ್ರೀ ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ಮಂಚದ ಇನ್ನೊಂದು ತುದಿಯಲ್ಲಿ ಕುಳಿತು ನಾನು ಮುಗಿಸುವವರೆಗೆ ಕಾದಳು.

"ಅವತ್ತು ಅಂಗಡೀಲಿ ನಾನೂ ಇದ್ದೆ ಅತ್ತೆ. ಈ ಸೀರೆನ ನೀವು ನಿಮ್ ಹೆಗಲ ಮೇಲೆ ಹಾಕಂಡು ಕನ್ನಡಿ ನೋಡುದ್ರಿ. ಎರಡು ಸಾರಿ ನೋಡುದ್ರಿ. ನನ್ ಹೆಗಲ ಮೇಲೆ ಹಾಕಿ ನೋಡ್ನೇ ಇಲ್ಲ."

ನಾನು ಪೊಟ್ಟಣದ ಬಟ್ಟೆಯನ್ನು ಸೀರೆಯ ಮೇಲೆ ಎಳೆದೆ.

"ನಂಗೆ ಇದು ಒಂದಿನಾನೂ ಇಷ್ಟ ಆಗಿಲ್ಲ. ನಿಮಗೆ ಇಷ್ಟ ಆಗಿತ್ತು. ಬೀರೂಲಿ ಕೂತು ಯಾರಿಗೂ ಆಗ್ದೆ ಹೋಗೋ ಬದ್ಲು ನೀವೇ ಉಡಿ. ಇದು ನಿಮ್ದೇ ಸೀರೆ, ಮೂರು ವರ್ಷ ನಾನು ಕಾಯ್ದೆ ಅಷ್ಟೆ."

ಮನೆಯೊಳಗೆ ಇಂಥ ಮಾತು ನನ್ನ ಮುಖಕ್ಕೆ ಯಾರೂ ಹೇಳಿದ್ದಿಲ್ಲ. ಹೊರಗೆ ಹೋಗು ಎಂದೆ. ಹೋದಳು. ಸೀರೆ ತೆಗೆದುಕೊಂಡು ಹೋಗಲಿಲ್ಲ.

ಅದು ಇನ್ನೂ ಮಂಚದ ಮೇಲಿದೆ. ಹೊಲಿಗೆ ಒಳ್ಳೆಯದೇ. ನೆರಿಗೆ ಒಂದಕ್ಕೊಂದು ಸಮ. ನಾನು ಎರಡೂ ಕೈಯಲ್ಲಿ ಹಿಡಿದಿದ್ದರೂ ಇದಕ್ಕಿಂತ ಸಮ ಬರುತ್ತಿರಲಿಲ್ಲ.

ನವೆಂಬರ್ 1, ಶುಕ್ರವಾರ

ಮಂಗಳಮ್ಮಣ್ಣಿಯ ಫೋನು. ಎಲೆ ಅಡಿಕೆ ತಟ್ಟೆಯನ್ನಾದರೂ ಪ್ರಸಾದನ ಕೈಯಲ್ಲಿ ಕಳಿಸಿ ಎಂದಳು.

ತಟ್ಟೆಯನ್ನು ನಾಗಶ್ರೀ ಹುಣಿಸೆಹಣ್ಣು ಹಾಕಿ ಬೆಳಗಿಟ್ಟಿದ್ದಾಳೆ. ನಾನು ಹೇಳಿರಲಿಲ್ಲ. ಇಡೀ ದಿನ ಇಬ್ಬರೂ ಮಾತಾಡಿಲ್ಲ. ಆದರೂ ಬೆಳಿಗ್ಗೆ ಪೂಜೆಗೆ ಬಂದು ನನ್ನ ಅಂಗೈ ಕೆಳಗೆ ಕೈ ಕೊಟ್ಟಳು.

ನವೆಂಬರ್ 3, ಭಾನುವಾರ

ನಿನ್ನೆ ಬರೆಯಲು ಶಕ್ತಿ ಇರಲಿಲ್ಲ, ಸಂತೋಷಕ್ಕೂ ಮೈ ನೋಯುತ್ತದೆ.

ಶನಿವಾರ ಬೆಳಿಗ್ಗೆ ಎಲ್ಲರೂ ಹೊರಡುವ ಹೊತ್ತಿಗೆ ನಾನು ಬಾಗಿಲು ತೆರೆದು, ನಾಗಶ್ರೀ ಬಾ ಎಂದು ಕರೆದೆ. ಬಂದಳು. ಅವಳೂ ಉಟ್ಟಿರಲಿಲ್ಲ, ನೈಟಿಯಲ್ಲಿದ್ದಳು. ನನ್ನ ದನಿ ಕೇಳಿದವಳು ಹಾಗೇ ನಡುಮನೆ ದಾಟಿ ಓಡಿ ಬಂದುಬಿಟ್ಟಿದ್ದಳು. ಯಜಮಾನರು ಪೇಪರು ಅಡ್ಡ ಹಿಡಿದರು. ನನಗೆ ನನ್ನ ಕಾನೂನು ನೆನಪಾದದ್ದು ಈಗ ಬರೆಯುವಾಗ.

ಮಂಚದ ಮೇಲಿನ ಸೀರೆ ತೋರಿಸಿದೆ. ಇನ್ನೊಬ್ಬರು ಉಡಿಸುವುದರ ಬಗ್ಗೆ ನಾನು ಹಿಂದೆ ಹೇಳಿದ ಮಾತನ್ನು ಅವಳು ಮರೆತಿರಲಿಲ್ಲ.

"ಮದುಮಗಳು ಅನ್ಕಳಿ ಅತ್ತೆ," ಎಂದಳು.

ಇಬ್ಬರಿಗೂ ನಗು ಬಂತು. ನಕ್ಕರೆ ಹೆಗಲು ನೋಯುತ್ತದೆ, ನಗಿಸಬೇಡ ಎಂದೆ. ಕೊಕ್ಕೆ ಸಿಕ್ಕಿಸಿದಳು, ತೋಳಿನ ಲಾಡಿಗಳನ್ನು ಕಟ್ಟಿದಳು, ಸೆರಗನ್ನು ಎಡ ಹೆಗಲ ಮೇಲೆ ಹಾಕಿ ಇಳಿಬಿಟ್ಟಳು. ಸೆರಗು ಪಟ್ಟಿಯನ್ನೂ ಕೈಯನ್ನೂ ಮುಚ್ಚಿಬಿಟ್ಟಿತು. ಕನ್ನಡಿಯಲ್ಲಿ ಕಂಡವಳಿಗೆ ಏನೂ ಆಗಿರಲಿಲ್ಲ. ಮೆರೂನು ನನಗೆ ಒಪ್ಪುತ್ತದೆ. ಇದನ್ನು ಬರೆದಿಡುವುದರಲ್ಲಿ ತಪ್ಪಿಲ್ಲ.

ಯಳಂದೂರಿನ ಹೊಸ ಮನೆಗೆ ಗ್ರಾನೈಟು ಹಾಕಿಸಿದ್ದಾರೆ, ಜಾರುತ್ತದೆ. ನಾಗಶ್ರೀ ತನ್ನ ಹಸಿರು ಸೀರೆಯ ಸೆರಗು ಸಿಕ್ಕಿಸಿ ನನ್ನ ಬಲ ತೋಳು ಹಿಡಿದು ನಡೆಸಿದಳು. ನನ್ನನ್ನು ನೋಡಿದ ಮಂಗಳಮ್ಮಣ್ಣಿಯ ಮುಖ ಒಂದು ಗಳಿಗೆ ಇಳಿಯಿತು. ಆಮೇಲೆ ಬಂದು ಸೆರಗು ಮುಟ್ಟಿದಳು, ಅಂಚು ತಿರುಗಿಸಿ ನೋಡಿದಳು. ರೇಷ್ಮೆಯ ವಿಷಯದಲ್ಲಿ ಅವಳಿಗೂ ಬೆರಳಲ್ಲಿ ಕಣ್ಣು.

"ಇದು ನಿಮ್ ಸೊಸೆ ಧಾರೆ ಸೀರೆ ಅಲ್ವಾ ಅತ್ಗೆ?"

ಗಟ್ಟಿಯಾಗಿಯೇ ಕೇಳಿದಳು. ಊಟಕ್ಕೆ ಕುಳಿತವರೆಲ್ಲ ತಿರುಗಿದರು. ನಾಗಶ್ರೀಯ ಕೈ ನನ್ನ ತೋಳಿನ ಮೇಲೆ ಬಿಗಿಯಾಯಿತು.

"ಊಂ ಕಣಮ್ಮಿ. ನನ್ ಸೊಸೆ ಕೊಟ್ಲು, ನಾನು ಉಟ್ಕಂಡೆ. ನಿನ್ ಸೊಸೇರು ಕೊಟ್ರೆ ನೀನೂ ಉಟ್ಕೊ."

ಮೊದಲು ನಕ್ಕವರು ಮಂಗಳಮ್ಮಣ್ಣಿಯ ಸೊಸೆಯರೇ. ಆಮೇಲೆ ಅವಳೂ ನಕ್ಕಳು. ಕೆಟ್ಟವಳಲ್ಲ ಅವಳು.

ಎಲೆ ಅಡಿಕೆಗೆ ಕುಳಿತಾಗ ನಾನು ಯೋಚಿಸದಿದ್ದ ತೊಡಕು ಎದುರಾಯಿತು. ಎಲೆ ಅಡಿಕೆಯನ್ನು ಒಂಟಿ ಕೈಯಲ್ಲಿ ಕೊಡುವಂತಿಲ್ಲ. ಒಂಟಿ ಕೈಯಲ್ಲಿ ಕೊಡುವುದು ಸಾವಿನ ಮನೆಯಲ್ಲಿ. ಇಷ್ಟು ದಿನ ಬಟ್ಟೆಯ ಚಿಂತೆಯಲ್ಲಿ ಇದನ್ನೇ ಮರೆತಿದ್ದೆ. ಮೊದಲನೆಯವಳು ಮಧುಶ್ರೀ, ಬಾಗಿ ನಿಂತಿದ್ದಳು. ನಾನು ಎಲೆ ಹಿಡಿದು ಕೈ ಮುಂದೆ ಮಾಡದೆ ಕುಳಿತೆ. ಮಂಗಳಮ್ಮಣ್ಣಿ ಅದನ್ನು ಗಮನಿಸಿ ಎದ್ದಳು.

ನಾಗಶ್ರೀ ಎಂದು ಕರೆದೆ. ಪಕ್ಕಕ್ಕೆ ಬಂದು ಕುಳಿತುಕೊಳ್ಳಲು ಹೇಳಿದೆ. ಅವಳಿಗೆ ಅರ್ಥವಾಗಲಿಲ್ಲ. "ನಿನ್ ಎಡಗೈ ಕೊಡಮ್ಮಿ," ಎಂದೆ. ಪೂಜೆಯ ಹೊತ್ತಿನಲ್ಲಿ ಹಿಡಿಯುವ ಹಾಗೇ ಎಲೆಯ ಕೆಳಗೆ ಕೈ ಹಿಡಿದಳು. ನನ್ನ ಬಲಗೈ, ಅವಳ ಎಡಗೈ. ಮನೆಯವರಷ್ಟೂ ಜನಕ್ಕೆ ಹಾಗೇ ಕೊಟ್ಟೆವು. ಕಾಲಿಗೆ ಬಿದ್ದವರು ನನ್ನ ಕಾಲಿಗೆ ಬಿದ್ದರೋ ಅವಳ ಕಾಲಿಗೆ ಬಿದ್ದರೋ, ಅಕ್ಕಪಕ್ಕ ಇದ್ದವು, ಹೇಳುವುದು ಕಷ್ಟ.

ತಟ್ಟೆ ವಾಪಸು ನಮ್ಮ ಮನೆಗೇ ಬಂತು. ದೇವರಗೂಡಿನ ಪಕ್ಕದ ಮೊಳೆಗೆ ಎಟುಕದೆ ನಾಗಶ್ರೀಯ ಕೈಗೆ ಕೊಟ್ಟೆ. ಅವಳು ಎಲ್ಲೋ ಇಟ್ಟಿದ್ದಾಳೆ. ಎಲ್ಲಿ ಎಂದು ಕೇಳಬೇಕು.

ನವೆಂಬರ್ 9, ಶನಿವಾರ

ಪಟ್ಟಿ ಬಿಚ್ಚಿದರು. ಮೂಳೆ ಕೂಡಿಕೊಂಡಿದೆ. ದಿನವೂ ಗೋಡೆಯ ಮೇಲೆ ಬೆರಳು ನಡೆಸುತ್ತ ಕೈ ಮೇಲೆ ಏರಿಸಬೇಕಂತೆ. ಡಾಕ್ಟರಿಗೆ, ನರ್ಸಮ್ಮನಿಗೆ, ಎಕ್ಸ್‌ರೇ ತೆಗೆದ ಹುಡುಗಿಗೆ, ಕಾರು ನಿಧಾನವಾಗಿ ಓಡಿಸಿದ ಪ್ರಸಾದನಿಗೆ, ಎಲ್ಲರಿಗೂ ಒಳ್ಳೆಯದಾಗಲಿ. ಎರಡೂ ಕೈ ಜೋಡಿಸಿ ಮಾದಪ್ಪನಿಗೆ ಮುಗಿದೆ. ಎಡಗೈ ಸ್ವಲ್ಪ ಕೆಳಗಿತ್ತು. ಅವನು ನೋಡಿಕೊಳ್ಳುತ್ತಾನೆ.

ನವೆಂಬರ್ 27, ಬುಧವಾರ

ಇವತ್ತು ನೆರಿಗೆ ನಾನೇ ಹಿಡಿದೆ. ಸರಿ ಬರಲಿಲ್ಲ, ಬಾ ಎಂದು ನಾಗಶ್ರೀಯನ್ನು ಕರೆದೆ.

ಸರಿ ಬಂದಿತ್ತು.

ಡಿಸೆಂಬರ್ 22, ಭಾನುವಾರ

ಮಧುಶ್ರೀ ಹೊಸ ವರ್ಷಕ್ಕೆ ಹನೂರಿನಲ್ಲಿ ಮತ್ತೊಂದು ಪಾರ್ಟಿ ಇಟ್ಟುಕೊಂಡಿದ್ದಾಳೆ. ಈ ಸಾರಿ ಬಣ್ಣದ ಕಟ್ಟಳೆ ಇಲ್ಲ, ಅವರವರ ಇಷ್ಟವಂತೆ. ನಾಗಶ್ರೀಯ ರೇಷ್ಮೆ ನನ್ನ ಪೆಟ್ಟಿಗೆಯಲ್ಲಿದೆ. ಅವಳಿಗೊಂದು ಆಗಲೇಬೇಕು. ಇಬ್ಬರೂ ಕೊಳ್ಳೇಗಾಲಕ್ಕೆ ಹೋದೆವು, ಶಿವಕುಮಾರಸ್ವಾಮಿಯವರ ಅಂಗಡಿಗೇ. ಮದುವೆ ಸೀರೆ ತೆಗೆದದ್ದೂ ಅಲ್ಲೇ.

ಅವರಿಗೆ ನನ್ನ ರೀತಿಯೂ ಗೊತ್ತು, ನಾನು ಬಿದ್ದ ಸುದ್ದಿಯೂ ಗೊತ್ತು. ನನ್ನೆದುರಿಗೇ ಚಾಪೆ ಹಾಸಿ, ಗಾಢ ಬಣ್ಣದವನ್ನೆಲ್ಲ ಹರವತೊಡಗಿದರು. ಗಿಳಿಹಸಿರು, ಮಾವಿನ ಹಳದಿ, ನವಿಲು ಕೊರಳು. ಒಂದನ್ನಂತೂ ನೋಡಿದರೆ ಬಿಡಲು ಮನಸ್ಸಾಗುವುದಿಲ್ಲ. ಕೈ ಮುಂದೆ ಹೋಯಿತು. ಎಡಗೈ ಈಗ ಚೆನ್ನಾಗಿ ಹೋಗುತ್ತದೆ. ಆ ಕೈಯನ್ನು ಹಿಂದೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡೆ. ಅವಳಿಗೆ ತೋರಿಸಿ ಎಂದೆ.

ನಾಗಶ್ರೀ ರಾಶಿಯ ಕೆಳಗಿನಿಂದ ಒಂದನ್ನು ಎಳೆದಳು. ಈರುಳ್ಳಿ ಸಿಪ್ಪೆಯ ಬಣ್ಣ. ಅದಕ್ಕೆ ಕಂಡೂ ಕಾಣದಂಥ ಬೆಳ್ಳಿ ಅಂಚು. ಜ್ವರ ಬಂದು ಎದ್ದವರ ಮುಖದ ಹಾಗಿತ್ತು. ಅದನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು ನನ್ನ ಮುಖ ನೋಡಿದಳು.

ಕಂಬಕ್ಕೆ ಒರಗಿಸಿದ್ದ ಕನ್ನಡಿ ಮಾಮೂಲಿನಂತೆ ನನ್ನ ಕಡೆಗೇ ಇತ್ತು. ಎದ್ದು ಹೋಗಿ ಅದನ್ನು ಅವಳ ಕಡೆಗೆ ತಿರುಗಿಸಿ ಹಿಡಿದುಕೊಂಡೆ. ಅವಳು ಒಮ್ಮೆ ನೋಡಿಕೊಂಡಳು. ಇನ್ನೊಮ್ಮೆ ನೋಡಿಕೊಂಡಳು. ಚೆನ್ನಾಗಿಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು, ಅಲ್ಲೇ ಕುಳಿತು, ತಾನಾಗಿ ಹಿಂದೆ ಹೋಯಿತು. ಅಷ್ಟರಲ್ಲಿ ಕನ್ನಡಿಯೊಳಗೆ ಆ ಬಣ್ಣದ ಪಕ್ಕದಲ್ಲಿ ಅವಳ ಮುಖಕ್ಕೊಂದು ಬೆಳಕು ಬಂದಿತ್ತು. ಅಂಗಡಿಯ ದೀಪದ್ದೇ ಇರಬೇಕು.

ಶಿವಕುಮಾರಸ್ವಾಮಿಯವರು ನಾನು ಏನಾದರೂ ಹೇಳುತ್ತೇನೆಂದು ಕಾದರು. ಮತ್ತೂ ಕಾದರು. ಕೊನೆಗೆ ನಾಗಶ್ರೀಯ ಕಡೆ ಬಾಗಿ, ದನಿ ತಗ್ಗಿಸಿ ಕೇಳಿದರು:

"ಅಮ್ಮಾವ್ರಿಗೆ ಇನ್ನೂ ಉಸಾರಾಗ್ನಿಲ್ವಾ?"

"ಆಗವ್ರೆ," ಎಂದಳು ನಾಗಶ್ರೀ. "ಇದ್ನೇ ಕಟ್ಟಿ."